ಕೆಂಭಾವಿಯ ವಿಮಾನಕ್ಕೆ ನಾನು ಆರಿಸಿದ ವೈರು

ಶಹಾಪುರದಲ್ಲಿ ನಮ್ಮದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರಿನ ಹಳೆಯ ತಂತಿ ಕಿತ್ತು ಹೊಸದು ಸುತ್ತಿ ಕೊಡುವುದು ನಮ್ಮ ಕೆಲಸ. ಅಂಗಡಿ ತೆರೆದವರು ನನ್ನ ಗಂಡ. ಮದುವೆಯಾದ ಹೊಸದರಲ್ಲಿ ಬುತ್ತಿ ಕೊಡಲು ಹೋಗುತ್ತಿದ್ದ ನಾನು ಅಲ್ಲೇ ಕುಳಿತು ಸುತ್ತುವುದನ್ನು ಕಲಿತೆ. ಎರಡು ವರ್ಷದಲ್ಲಿ ನನ್ನ ಕೈ ಅವರ ಕೈಗಿಂತ ಚುರುಕಾಯಿತು. ಈ ಮಾತನ್ನು ಅವರೇ ಹೇಳುತ್ತಾರೆ. ಆದರೂ ಹೊಸ ಗಿರಾಕಿಗಳು ನನ್ನ ಕೈಯಲ್ಲಿ ತಂತಿ ಇರುವುದನ್ನು ಕಂಡೂ, "ಅಣ್ಣಾರು ಎಲ್ಲಿ ಹೋಗ್ಯಾರ್ರಿ?" ಎಂದೇ ಕೇಳುತ್ತಿದ್ದರು.

ಹಾಗೆ ಕೇಳದೆ ನೇರವಾಗಿ ನನ್ನೆದುರು ಬಂದು ಕುಳಿತವರು ಕೆಂಭಾವಿಯ ಕಾಕಾ. ಅರವತ್ತು ದಾಟಿದವರು. ವಾಯುಸೇನೆಯಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದು, ನಿವೃತ್ತಿಯಾದ ಮೇಲೆ ಊರಿಗೆ ಮರಳಿದ್ದರು. ಚೀಲದಿಂದ ಬಿಳಿ ವೈರಿನ ಒಂದು ಸುರುಳಿ ತೆಗೆದು ಮೇಜಿನ ಮೇಲಿಟ್ಟರು.

"ತುಂಡು ಮಾಡಿ, ತುದಿಗೆ ಥಿಂಬಲ್ ಹಾಕಿ ಕೊಡಬೇಕು ನೋಡವ್ವಾ. ನನ್ನ ಕಣ್ಣಿಗೆ ಸಣ್ಣ ಕೆಲಸ ಈಗ ಕಾಣವಲ್ದು."

ಥಿಂಬಲ್ ಎಂದರೆ ಸ್ಕ್ರೂಗೆ ಸಿಕ್ಕಿಸಲು ವೈರಿನ ತುದಿಗೆ ಒತ್ತಿ ಕೂರಿಸುವ ಸಣ್ಣ ಲೋಹದ ಕಿವಿ.

"ಯಾವ ಮಶೀನಿಗ್ರಿ?" ಎಂದೆ.

"ವಿಮಾನಕ್ಕ."

ಒಳಗೆ ಮೋಟರು ಬಿಚ್ಚುತ್ತಿದ್ದ ನನ್ನ ಗಂಡ ತಲೆ ಎತ್ತಿದರು. "ಮೊಮ್ಮಕ್ಕಳು ಆಡೋದೇನ್ರಿ?"

"ಇಬ್ಬರು ಕುಂತು ಹಾರೋದ್ರಿ. ಊರಾಗ ಹತ್ತಿ ಗೋದಾಮಿನ್ಯಾಗ ಕಟ್ಟಾಕತ್ತೇನಿ. ನಾಲ್ಕು ವರ್ಷ ಆತು."

ಫೋನಿನಲ್ಲಿ ಚಿತ್ರ ತೋರಿಸಿದರು. ಖರೇನೇ ವಿಮಾನ. ರೆಕ್ಕೆಗಳನ್ನು ಗೋಡೆಗೆ ಒರಗಿಸಿದ್ದರು. ಅದನ್ನು ಹಾರಿಸಲು ಬೇಕಾದ ತರಬೇತಿ ಪಡೆದು ಲೈಸೆನ್ಸನ್ನೂ ಮಾಡಿಸಿಕೊಂಡಿದ್ದರಂತೆ. ನಗಬೇಕೆಂದಿದ್ದ ನನ್ನ ಗಂಡ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಎದ್ದು ಬಂದರು.

ನಾನು ವೈರಿನ ತುದಿ ಸುಲಿದೆ. ಸುಲಿಯುವಾಗಲೇ ಕೈಗೆ ಏನೋ ಸರಿಬರಲಿಲ್ಲ. ತುದಿಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಹೊದಿಕೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಾಗದದಷ್ಟು ತೆಳು. ಒಳಗಿನ ಎಳೆಗಳು ಬೆಳ್ಳಗಿದ್ದವು.

"ತಾಮ್ರಕ್ಕ ತವರ ಹಚ್ಚಿರ್ತಾರ. ವಿಮಾನದ ವೈರ್ ಹಂಗೇ ಇರ್ತದ," ಎಂದರು ಕಾಕಾ.

ಒಂದು ಎಳೆಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದೆ. ಬಿಳಿಯ ಕೆಳಗೆ ಕೆಂಪು ಕಂಡಿತು. ಕಾಕಾ ನಕ್ಕರು. ಇನ್ನಷ್ಟು ಕೆರೆದೆ. ಕೆಂಪಿನ ಕೆಳಗೆ ಮತ್ತೆ ಬಿಳಿ.

"ಕಾಕಾರ, ಇದು ಅಲ್ಯುಮಿನಿಯಂ. ಮ್ಯಾಲ ತಾಮ್ರ ಸವರ್ಯಾರ, ಅದರ ಮ್ಯಾಲ ತವರ ಸವರ್ಯಾರ. ತಾಮ್ರಕ್ಕಿಂತ ಜಾಸ್ತಿ ಬಿಸಿ ಆಗ್ತದ, ಲಗೂನ ಮುರೀತದ."

ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ಗೀರಿದೆ. ಹೊದಿಕೆ ಹೊತ್ತಿಕೊಂಡಿತು. ಕಡ್ಡಿ ತೆಗೆದ ಮೇಲೂ ಉರಿಯುತ್ತಲೇ ಇತ್ತು. ಉರಿಯುವ ಹನಿಗಳು ನೆಲಕ್ಕೆ ತೊಟ್ಟಿಕ್ಕಿದವು. ಗಂಟಲು ಕೆರೆಯುವ ಕಪ್ಪು ಹೊಗೆ ಅಂಗಡಿ ತುಂಬಿ ಮೂವರೂ ಕೆಮ್ಮಿದೆವು.

ಕಾಕಾನ ಮುಖ ಬಿಗಿಯಿತು. "ಹೈದರಾಬಾದಿನಿಂದ ತರಿಸೀನಿ. ಮ್ಯಾಲ ನಂಬರ್ ಛಾಪಿಸ್ಯಾರ ನೋಡು. ಅರ್ಧ ಆಯುಷ್ಯ ವಿಮಾನದ ಬಾಜೂಕ ಕಳದೀನಿ. ಪಂಪ್‌ಸೆಟ್ ಸುತ್ತಾಕಿ ನೀ ನನಗ ಹೇಳ್ತೀ?"

"ಪಂಪ್‌ಸೆಟ್ಟಿಗೂ ನಾ ಇದನ್ನ ಹಾಕೂದಿಲ್ರಿ," ಎಂದೆ.

ಅವರು ಸುರುಳಿಯನ್ನು ಚೀಲಕ್ಕೆ ತುರುಕಿಕೊಂಡು ಹೊರಟುಹೋದರು. ನನ್ನ ಗಂಡ, "ಥಿಂಬಲ್ ಹಾಕಿ ಕೊಟ್ಟಿದ್ರ ಮುಗೀತಿತ್ತಲ್ಲ," ಎಂದರು. "ನಾಳೆ ಅದು ಮ್ಯಾಲ ಹ್ವಾದಾಗ ಸುಟ್ರ, ಹಾಕಿದ ಕೈ ಯಾರ್ದು?" ಎಂದೆ. ಅವರು ಮತ್ತೆ ಮೋಟರಿನ ಕಡೆ ತಿರುಗಿದರು. ಮಾತು ಗಟ್ಟಿಯಾಗಿ ಆಡಿದ್ದೆನಾದರೂ ಒಳಗೊಳಗೆ ಬೇಸರವಿತ್ತು. ಹಿರಿಯರ ಮುಖ ಹಾಗೆ ಬಾಡಿದ್ದನ್ನು ನೋಡಬಾರದಿತ್ತು ಅನಿಸಿತು.

ನಾಲ್ಕು ದಿನದ ಮೇಲೆ ಕಾಕಾ ಮತ್ತೆ ಬಂದರು. ಅದೇ ವೈರನ್ನು ಆಗಲೇ ಬಲಗಡೆ ರೆಕ್ಕೆಯೊಳಗೆ ಎಳೆದು ಹಾಕಿದ್ದರಂತೆ. ಎಲ್ಲ ಕಿತ್ತು ಹೊರಗೆ ತೆಗೆದು, ಒಂದೊಂದು ಕಡೆ ಕೆರೆದು ನೋಡಿದ್ದರು.

"ನೀ ಹೇಳಿದ್ದು ಖರೇ ಅದ," ಎಂದರು. "ಎಂಜಿನ್ ಅಂದ್ರ ಕಣ್ಣು ಮುಚ್ಚಿ ಬಿಚ್ಚತೀನಿ. ವೈರಿಂದು ನಮ್ಮಲ್ಲಿ ಬ್ಯಾರೆ ಸೆಕ್ಷನ್ ಇತ್ತು. ಛಾಪ ನೋಡಿ ಭರೋಸಾ ಇಟ್ಟೆ. ಈಗ ನೀನೇ ಆರಿಸಿಕೊಡು."

ನಾನೂ ನನ್ನ ಗಂಡನೂ ಅವರ ಜೀಪಿನಲ್ಲಿ ಕೆಂಭಾವಿಗೆ ಹೋದೆವು. ಗೋದಾಮಿನ ನಡುವೆ ಕೊಳವೆಗಳ ಚೌಕಟ್ಟು, ಅದಕ್ಕೆ ಬಿಗಿದ ಬಟ್ಟೆ, ಮುಂದೆ ಎಂಜಿನ್. ಕಾಕಾ ನನ್ನನ್ನು ಸೀಟಿನಲ್ಲಿ ಕೂರಿಸಿ ಎದುರಿಗೆ ಮೀಟರು, ಸ್ವಿಚ್ಚುಗಳಿರುವ ಹಲಗೆ ತೋರಿಸಿದರು. ಎಲ್ಲ ವೈರುಗಳೂ ಅದರ ಹಿಂದೆ, ಕೂತವರ ಮೊಣಕಾಲ ಹತ್ತಿರ ಹಾಯುತ್ತವೆ.

"ಇಲ್ಲಿ ಹೊಗಿ ಎದ್ರ ಗಾಡಿ ನಿಂದ್ರಿಸಿ ಇಳಿಯಾಕ ಬರೂದಿಲ್ಲ ಯವ್ವಾ. ಮತ್ತ ಎಂಜಿನ್ ಚಾಲೂ ಇರೋತನಕ ಎಲ್ಲಾ ನಡಗತಿರ್ತದ."

ಆ ಸೀಟಿನಲ್ಲಿ ಕುಳಿತಾಗಲೇ ನನಗೆ ಏನು ಬೇಕೆಂದು ತಿಳಿಯಿತು. ಉರಿ ಹಿಡಿಯದ ಹೊದಿಕೆ, ನಡುಕಕ್ಕೆ ತುಂಡಾಗದ ಸಣ್ಣ ಸಣ್ಣ ಎಳೆಗಳು, ಒಳಗೆ ಅಪ್ಪಟ ತಾಮ್ರ.

ಕಾಕಾ ತಮ್ಮ ಹಳೆಯ ಗೆಳೆಯರಿಗೆ ಹೇಳಿ ಮೂರು ಬಗೆಯ ವೈರಿನ ತುಣುಕು ತರಿಸಿಕೊಟ್ಟರು. ಮನೆಯ ಹಿತ್ತಲಲ್ಲಿ ಪರೀಕ್ಷೆ ಶುರು ಮಾಡಿದೆ. ರೊಟ್ಟಿ ಸುಡುವ ಹಳೆಯ ಹಂಚನ್ನು ಸಣ್ಣ ಉರಿಯ ಮೇಲಿಟ್ಟು ಮೂರನ್ನೂ ಅದರ ಮೇಲೆ ಮಲಗಿಸಿದೆ. ಮೊದಲನೆಯದು ಮೆತ್ತಗಾಗಿ ಹಂಚಿಗೆ ಅಂಟಿತು. ಎರಡನೆಯದು ನೋಡಲು ಚೆನ್ನಾಗಿಯೇ ಇತ್ತು, ಆರಿದ ಮೇಲೆ ಮೊಳೆಗೆ ಸುತ್ತಿದರೆ ಹೊದಿಕೆ ಬಿರಿಯಿತು. ಮೂರನೆಯದು ಹಾಗೆಯೇ ಉಳಿಯಿತು. ಅದರ ಇನ್ನೊಂದು ತುಂಡನ್ನು ಒಂದು ಹಗಲು ಪೆಟ್ರೋಲಿನಲ್ಲಿ ನೆನೆಹಾಕಿದೆ. ಉಬ್ಬಲಿಲ್ಲ, ಮೇಲೆ ಛಾಪಿಸಿದ ಅಕ್ಷರಗಳೂ ಅಳಿಸಲಿಲ್ಲ. ಚೆನ್ನಾಗಿ ಒಣಗಿಸಿ ಬೆಂಕಿ ಹಿಡಿದರೆ ಕಡ್ಡಿ ತೆಗೆದ ಕೂಡಲೇ ಉರಿ ನಂದಿತು. ಕೆರೆದರೆ ತವರದ ಕೆಳಗೆ ಕೊನೆಯವರೆಗೂ ಕೆಂಪು. ಎಳೆ ಎಣಿಸಿದೆ, ಹತ್ತೊಂಬತ್ತು.

ಆದರೆ ಅದನ್ನೂ ನಾನು ಬೇಡವೆನ್ನುವುದರಲ್ಲಿದ್ದೆ. ಸುಲಿದಾಗಲೆಲ್ಲ ಎರಡು ಮೂರು ಎಳೆ ತುಂಡಾಗುತ್ತಿದ್ದವು. ಎಳೆಗಳೇ ಬಿರುಸು, ನಡುಕ ತಾಳುವುದಿಲ್ಲ ಎಂದುಕೊಂಡೆ. ಕಾಕಾನಿಗೆ ತೋರಿಸಿದಾಗ ಅವರು ಭೂತಗನ್ನಡಿ ಹಿಡಿದು ನೋಡಿ, "ಎಳಿ ಮುರಿದಿಲ್ಲ, ಕಡದಾವ. ನಿನ್ನ ಇಕ್ಕಳದ ಹಲ್ಲು ತಾಗ್ಯಾವ. ನಮ್ಮಲ್ಲಿ ಒಂದು ಎಳಿ ಕಡದ್ರೂ ತುದಿ ಕತ್ತರಿಸಿ ಮತ್ತ ಸುಲೀಬೇಕಿತ್ತು," ಎಂದರು. ಹೊದಿಕೆ ತೆಳುವಾದರೂ ಗಡುಸು. ಪಂಪ್‌ಸೆಟ್ಟಿನ ವೈರಿಗೆ ಪಳಗಿದ ನನ್ನ ಇಕ್ಕಳಕ್ಕೆ ಅದು ಒಗ್ಗುವಂಥದ್ದಲ್ಲ. ನಾಚಿಕೆಯಾಯಿತು. ಕಾಕಾ ಅಳತೆಗೆ ತಕ್ಕ ಹಲ್ಲಿರುವ ಬೇರೆ ಇಕ್ಕಳ ತರಿಸಿದರು. ಅದರಲ್ಲಿ ಸುಲಿದಾಗ ಹತ್ತೊಂಬತ್ತೂ ಎಳೆ ಇಡಿಯಾಗಿ ಬಂದವು. ತುದಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ನನ್ನ ಬೆರಳೇ ಸೋತಿತು.

"ಇದೇ ಇರಲಿ ಕಾಕಾರ," ಎಂದೆ.

ವೈರು ಬಂದ ಮೇಲೆ ಕೆಲಸವೂ ನನ್ನ ಪಾಲಿಗೇ ಬಂತು. ಅಂಗಡಿಗೆ ರಜೆ ಇರುವ ದಿನ ಬೆಳಗಿನ ಬಸ್ಸು ಹತ್ತಿ ಕೆಂಭಾವಿಗೆ ಹೋಗುತ್ತಿದ್ದೆ. ಬಸ್ಸಿನಲ್ಲಿ ಕಳೆ ತೆಗೆಯಲು ಹೊರಟ ಹೆಣ್ಣುಮಕ್ಕಳು, "ಎಲ್ಲಿಗಿ ಹೊಂಟೀಯಕ್ಕಾ?" ಎಂದರೆ, "ವಿಮಾನಕ್ಕ ವೈರ್ ಹಾಕಾಕ," ಎನ್ನುತ್ತಿದ್ದೆ. ಮೊದಲ ಸಲ ನಕ್ಕರು. ಆಮೇಲೆ ತಾವೇ, "ಎಲ್ಲಿತನಕ ಬಂತು ವಿಮಾನ?" ಎಂದು ವಿಚಾರಿಸತೊಡಗಿದರು.

ಎಲ್ಲ ಮುಗಿದ ಮೇಲೆ ವಿಮಾನ ತಪಾಸಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದರು. ಆ ದಿನ ನನ್ನ ಗಂಡನೂ ನನ್ನ ಜೊತೆ ಬಂದಿದ್ದರು, ನೋಡಲು ಊರವರೂ ಸೇರಿದ್ದರು. ಅರ್ಧ ದಿನ ಎಂಜಿನ್, ರೆಕ್ಕೆ ನೋಡಿದರು. ಕೊನೆಗೆ ಹಲಗೆಯ ಹಿಂದೆ ಟಾರ್ಚು ಬಿಟ್ಟು, ಒಂದೊಂದು ಥಿಂಬಲ್ಲನ್ನೂ ಹಿಡಿದು ಜಗ್ಗಿದರು. ಒಂದೂ ಕಳಚಲಿಲ್ಲ.

"ವೈರಿಂಗ್ ಯಾರು ಮಾಡಿದ್ದು?" ಎನ್ನುತ್ತ ನನ್ನ ಗಂಡನ ಕಡೆ ತಿರುಗಿದರು.

"ನಾ ಅಲ್ರೀ ಸಾಹೇಬ್ರ. ಆಕಿ," ಎಂದರು ನನ್ನ ಗಂಡ. ಆ ಎರಡು ಅಕ್ಷರವನ್ನು ಅವರು ಎಷ್ಟು ಜೋರಾಗಿ ಹೇಳಿದರೆಂದರೆ ಗೋದಾಮಿನ ಬಾಗಿಲಲ್ಲಿ ನಿಂತವರೆಲ್ಲ ನನ್ನ ಕಡೆ ನೋಡಿದರು.

"ಈ ವೈರನ್ನೇ ಯಾಕೆ ಆರಿಸಿದಿರಿ?" ಎಂದು ಅಧಿಕಾರಿ ನನ್ನನ್ನು ಕೇಳಿದರು. ನನ್ನ ಚೀಲದಲ್ಲಿ ಸುಟ್ಟ, ಬಿರಿದ, ಕೆರೆದ ತುಣುಕುಗಳೆಲ್ಲ ಇದ್ದವು. ಒಂದೊಂದನ್ನೇ ಅವರ ಅಂಗೈಯಲ್ಲಿಟ್ಟು ಹಂಚಿನಿಂದ ಪೆಟ್ರೋಲಿನವರೆಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಎಲ್ಲವನ್ನೂ ಬರೆದುಕೊಂಡರು. ಒಂದು ಕಡೆ ಮಾತ್ರ ವೈರು ಕೊಳವೆಯ ಅಂಚಿಗೆ ಉಜ್ಜುತ್ತಿದೆ ಎಂದು ತೋರಿಸಿದರು. ಅವರೆದುರೇ ಅಲ್ಲಿ ರಬ್ಬರು ಸುತ್ತಿ ಕಟ್ಟಿದೆ. ಆಮೇಲೆ ಸಹಿ ಹಾಕಿದರು.

ಉಳಿದ ಅನುಮತಿಗಳೂ ಸಿಕ್ಕಿದ ಮೇಲೆ ರೆಕ್ಕೆ ಬಿಚ್ಚಿ ಲಾರಿಯಲ್ಲಿ ಹೇರಿ, ಬೇರೆ ಜಿಲ್ಲೆಯ ಒಂದು ರನ್‌ವೇಗೆ ಒಯ್ದು, ಅಲ್ಲಿ ಮತ್ತೆ ಜೋಡಿಸಿದರು. ನಾವಿಬ್ಬರೂ ಹೋಗಿದ್ದೆವು. ಕಾಕಾ ಒಬ್ಬರೇ ಹತ್ತಿ ಕುಳಿತು ಸ್ವಿಚ್ಚು ಒತ್ತಿದರು. ಹಲಗೆಯ ಮೇಲಿನ ದೀಪಗಳು ಹತ್ತಿದವು, ಎಂಜಿನ್ ತಿರುಗಿತು. ಓಡುತ್ತ ಓಡುತ್ತ ವಿಮಾನ ನೆಲ ಬಿಟ್ಟಿತು. ನನ್ನ ಗಂಡ ನನ್ನ ತೋಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು. ನಾನು ಹೊಗೆಯ ಎಳೆಯೇನಾದರೂ ಕಂಡೀತೇ ಎಂದು ಕಣ್ಣು ಕೀಲಿಸಿ ನಿಂತಿದ್ದೆ. ಆಕಾಶ ಸ್ವಚ್ಛವಾಗಿತ್ತು. ಎರಡು ಸುತ್ತು ಹಾಕಿ ಅವರು ಇಳಿದರು.

ಜನ ಹಾರ ಹಿಡಿದು ಓಡಿದರು. ಕಾಕಾ ಹಾರಕ್ಕೆ ಕೊರಳೊಡ್ಡಲಿಲ್ಲ. ಹಲಗೆಯ ಮೇಲಿನ ಮುಚ್ಚಳ ತೆಗೆದು, "ಬಾ ಯವ್ವಾ, ಮೊದಲು ನೀ ಕೈ ಇಟ್ಟು ನೋಡು. ಬಿಸಿ ಅದಾವೇನು?" ಎಂದರು.

ಕೈ ಒಳಗೆ ಹಾಕಿ ವೈರುಗಳ ಇಡೀ ಕಟ್ಟನ್ನು ಮುಷ್ಟಿಯಲ್ಲಿ ಹಿಡಿದೆ.

"ತಣ್ಣಗದಾವ್ರಿ, ಕಾಕಾರ," ಎಂದೆ.