ಸರ್ಕಾರಕ್ಕೆ ತೋರಿಸಲು ನೇಯ್ದ ಕಂಬಳಿ

ತೊಂಬತ್ತರ ದಶಕದಲ್ಲಿ ನಾನು ಚಳ್ಳಕೆರೆಯ ಒಂದು ಸಣ್ಣ ಸಂಘದಲ್ಲಿದ್ದೆ. ನಮ್ಮದು ಒಂದೇ ಹಟ: ಸರ್ಕಾರಿ ಹಾಸ್ಟೆಲುಗಳಿಗೆ ಮಿಲ್ಲಿನ ರಗ್ಗು ಬಿಟ್ಟು ನಮ್ಮ ಕಡೆಯ ಕಂಬಳಿ ಕೊಳ್ಳಬೇಕು. ಹಾಗೊಂದು ಆದೇಶ ಬಂದರೆ ಮೊಳಕಾಲ್ಮೂರಿನಾಚೆ ನಮ್ಮ ಕೇರಿಯಲ್ಲಿ ಉಳಿದಿದ್ದ ಒಂದೇ ಮಗ್ಗ, ದೊಡ್ಡಪ್ಪನದು, ಉಳಿಯುತ್ತಿತ್ತು. ಇಲ್ಲದಿದ್ದರೆ ಆ ವಯಸ್ಸಿನಲ್ಲಿ ಅವನು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊರಬೇಕಿತ್ತು.

ಅರ್ಜಿ ಕೊಟ್ಟಿದ್ದೇ ಕೊಟ್ಟಿದ್ದು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಕೊನೆಗೊಬ್ಬ ಅಧಿಕಾರಿ, ಪುಣ್ಯಾತ್ಮ, "ಒಂದು ಸ್ಯಾಂಪಲ್ ತನ್ನಿ, ಮೇಲಿನವರಿಗೆ ತೋರಿಸ್ತೀನಿ" ಅಂದರು. ಊರಿಗೆ ಓಡಿ ಹೇಳಿದೆ. ದೊಡ್ಡವ್ವ ಮನೆಯಲ್ಲಿದ್ದ ಉಣ್ಣೆಯನ್ನೆಲ್ಲ ನೂತಳು. ದೊಡ್ಡಪ್ಪ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ, ತನ್ನ ಮದುವೆಗೆಂಬಂತೆ ನೇಯ್ದ.

ತರಲು ಹೋದ ದಿನವೇ ಕೇರಿಯ ಮುಂದೆ ವ್ಯಾನು ನಿಂತಿತ್ತು. ದೂರದ ಊರಿನ ದಾನಿಗಳು ಬಡವರಿಗೆ ರಗ್ಗು ಹಂಚುತ್ತಿದ್ದರು. ಕಂಬಳಿಯವರ ಕೇರಿಗೆ ಮಿಲ್ಲಿನ ರಗ್ಗು! ಮೈಯೆಲ್ಲ ಉರಿಯಿತು. ಬಯ್ಯೋಣವೆಂದರೆ ಒಳ್ಳೆಯ ಜನ. ಬೆವರು ಒರೆಸಿಕೊಳ್ಳುತ್ತ ಒಬ್ಬೊಬ್ಬ ಮುದುಕಿಗೂ ತಾವೇ ಹೊದಿಸುತ್ತಿದ್ದರು. ಹಾಳಾದ ರಗ್ಗೂ ಮೆತ್ತಗಿತ್ತು.

ನಮ್ಮಲ್ಲಿ ಮನೆಗೆ ಬಂದ ದೊಡ್ಡವರನ್ನು ಬರಿ ಹೆಗಲಲ್ಲಿ ಕಳಿಸುವುದಿಲ್ಲ. ದೊಡ್ಡಪ್ಪ ಒಳಗೆ ಹೋದಾಗಲೇ ಏನು ತರುತ್ತಾನೆಂದು ನನಗೆ ಗೊತ್ತಾಯಿತು. ಅಷ್ಟು ಜನರ ನಡುವೆ ಅವನ ಕೈ ಹಿಡಿಯುವುದು ಹೇಗೆ? ಆ ಕಂಬಳಿಯನ್ನು ದಾನಿಗಳ ಹಿರಿಯರಿಗೆ ಹೊದಿಸಿ ಕೈಮುಗಿದ. ಅವರ ಕಣ್ಣು ಒದ್ದೆಯಾಯಿತು. ವ್ಯಾನು ಹೊರಟುಹೋಯಿತು.

"ಅದು ಸರ್ಕಾರಕ್ಕೆ ತೋರ್ಸಕ್ಕೆ ಇಟ್ಟಿದ್ದಲ್ವೇನವ್ವ?" ಅಂದೆ. ನನಗೆ ಅಳುವೇ ಬಂದಿತ್ತು.

ದೊಡ್ಡವ್ವ ಹೊಸ ರಗ್ಗು ಮಡಚುತ್ತ, "ಅವ್ರು ನಮ್ ಬಾಗ್ಲಿಗೆ ಬಂದಿದ್ರು ಕಣಪ್ಪ. ನಿನ್ ಸರ್ಕಾರ ಯಾವತ್ತಾದ್ರೂ ಬಂದೈತಾ? ಬಂದಿದ್ರೆ ಅದಕ್ಕೇ ಹೊದಿಸ್ತಿದ್ವಿ" ಅಂದಳು.

ಇನ್ನೊಂದು ನೇಯಲು ಮನೆಯಲ್ಲಿ ಉಣ್ಣೆಯಿರಲಿಲ್ಲ. ಕುರಿಗಳ ಉಣ್ಣೆ ಕತ್ತರಿಸುವ ಕಾಲ ಇನ್ನೂ ದೂರವಿತ್ತು. ಅಲ್ಲಿಯವರೆಗೆ ಕಾಯಿರೆಂದು ಕೇಳಲು ಹೋದರೆ ಆ ಅಧಿಕಾರಿಗೆ ವರ್ಗವಾಗಿತ್ತು.

ಆ ಚಳಿಗಾಲ ದೊಡ್ಡಪ್ಪ ನಮ್ಮ ಸಂಘದ ಎದುರಿನ ಮಿಲ್ಲಿಗೇ ಮೂಟೆ ಹೊರಲು ಬಂದ. ನಾನು ಆಫೀಸಿನ ಬೀಗ ತೆಗೆಯುವಾಗ ಬೆನ್ನ ಮೇಲೆ ಮೂಟೆ ಹೊತ್ತೇ, "ಆರ್ಡರ್ ಬಂತೇನ್ಲೇ?" ಎಂದು ಆಸೆಯಿಂದ ಕೂಗುತ್ತಿದ್ದ.

"ಇನ್ನೂ ಇಲ್ಲ ದೊಡ್ಡಪ್ಪ" ಅನ್ನುತ್ತಿದ್ದೆ.