ಅಡಿಕೆ ತೂಗುವ ಮಷಿನ್ ಮೇಲೆ ನಯನ

ಬೆಳಿಗ್ಗೆ ಆರು ಗಂಟೆಗೆ, ಅಮ್ಮ ಕೊಟ್ಟಿಗೆಯಿಂದ ವಾಪಸು ಬರುವ ಮೊದಲು, ನಯನ ಚಪ್ಪಲಿ ಕಳಚಿ, ಕಿವಿಯ ಓಲೆಯನ್ನೂ ಬಿಚ್ಚಿ ಕಿಟಕಿಯಲ್ಲಿಟ್ಟು, ಶೆಡ್ಡಿನ ತೂಕದ ಮಷಿನ್ ಹತ್ತಿದಳು. ಹಸಿ ಅಡಿಕೆ ತೂಗಲೆಂದು ಅಪ್ಪ ಬೈರಪ್ಪ ತಂದಿದ್ದ ಮಷಿನ್ ಅದು. ಭಾನುವಾರ ಬೆಳಿಗ್ಗೆ ಐವತ್ತೆರಡು ಕೆ.ಜಿ. ತೋರಿಸಿತ್ತು. ಈ ಸೋಮವಾರ ಐವತ್ನಾಲ್ಕು. ಇಳಿದು ಮತ್ತೆ ಹತ್ತಿದಳು. ಉಸಿರು ಪೂರ್ತಿ ಹೊರಗೆ ಬಿಟ್ಟು ಇನ್ನೊಮ್ಮೆ ಹತ್ತಿದಳು. ಐವತ್ನಾಲ್ಕೇ.

ಒಂದೇ ದಿನದಲ್ಲಿ ಎರಡು ಕೆ.ಜಿ. ಹೇಗೆ ಏರಿತು? ಹಿಂದಿನ ದಿನ ತಿಂದದ್ದನ್ನು ನಿಂತಲ್ಲೇ ನೆನಪು ಮಾಡಿಕೊಂಡಳು. ಒಂದು ಕಡುಬು, ಅರ್ಧ ಸೌಟು ಸಾರು, ಮಧ್ಯಾಹ್ನ ಬರೀ ಮಜ್ಜಿಗೆ. ಆ ಕಡುಬಿನ ಮೇಲೆಯೇ ಅನುಮಾನ ಹೋಯಿತು.

ಮೇಗುಂದದ ನಯನಳಿಗೆ ಹತ್ತೊಂಬತ್ತು ವರ್ಷ. ಕೊಪ್ಪದ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಕಾಂ., ಖೋಖೋ ತಂಡದ ಆಟಗಾರ್ತಿ. ಫೆಬ್ರವರಿ ಹನ್ನೆರಡಕ್ಕೆ ಶೃಂಗೇರಿಯಲ್ಲಿ ಅಂತರ ಕಾಲೇಜು ಪಂದ್ಯ. ಅದರಲ್ಲಿ ಆಡಬೇಕು ಎನ್ನುವುದು ಅವಳ ಒಂದೇ ಆಸೆ. ಪೋಲ್ ಹಿಡಿದು ತಿರುಗಿ ಎದುರಾಳಿಯನ್ನು ಮುಟ್ಟುವುದರಲ್ಲಿ ಅವಳಷ್ಟು ಚುರುಕು ತಂಡದಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ನವೆಂಬರಿನಲ್ಲಿ ಹೊಸ ಟೀ ಶರ್ಟ್ ಬಂದ ದಿನ, ಅದು ಸೊಂಟದ ಹತ್ತಿರ ಬಿಗಿಯಾದದ್ದನ್ನು ಕಂಡು ನಾಯಕಿ ವನಮಾಲಾ ಎಲ್ಲರೆದುರು ಹೇಳಿದ್ದಳು:

"ನೀನು ಹಿಡ್ಕಂಡ್ರೆ ಪೋಲೇ ಬಗ್ಗುತ್ತೆ ಮಾರಾಯ್ತಿ."

ಎಲ್ಲರೂ ನಕ್ಕರು. ನಯನಳೂ ನಕ್ಕಳು. ಮಾರನೇ ಬೆಳಿಗ್ಗೆ ಮೊದಲ ಬಾರಿಗೆ ಮಷಿನ್ ಹತ್ತಿದಳು. ಐವತ್ತೇಳು ಇತ್ತು. ಪಂದ್ಯಕ್ಕೆ ಮೊದಲು ಐವತ್ತು ಎಂದು ಅವಳೇ ಗೊತ್ತು ಮಾಡಿಕೊಂಡಳು. ದೈಹಿಕ ಶಿಕ್ಷಣದ ಕುಮಾರ ಸರ್ ಯಾರ ತೂಕವನ್ನೂ ಕೇಳಿದವರಲ್ಲ.

ಅಂದಿನಿಂದ ಅವಳ ಕೈ ಸುಮ್ಮನಿರಲಿಲ್ಲ. ಬಸ್ಸಿನಲ್ಲಿ, ಕ್ಲಾಸಿನಲ್ಲಿ, ಹೆಬ್ಬೆರಳು ಮತ್ತು ತೋರುಬೆರಳು ದುಪಟ್ಟಾದ ಒಳಗೆ ಸೊಂಟದ ಚರ್ಮ ಹಿಡಿದು ನೋಡುತ್ತಿದ್ದವು. ಫೋನಿನಲ್ಲಿ ಯಾರೋ ಹೇಳಿದರೆಂದು ಬೆಳಿಗ್ಗೆ ಜೀರಿಗೆ ನೀರು ಕುಡಿದಳು. ಇನ್ಯಾರೋ ಹೇಳಿದರೆಂದು ರಾತ್ರಿಯ ಊಟ ಬಿಟ್ಟಳು. ಅಮ್ಮ ಸುಲೋಚನಮ್ಮ ಬುತ್ತಿಗೆ ಹಾಕುತ್ತಿದ್ದ ಮೂರು ಅಕ್ಕಿ ರೊಟ್ಟಿ ದಿನವೂ ವನಮಾಲಾಗೆ ಹೋಗುತ್ತಿದ್ದವು. ಹಾಸ್ಟೆಲ್ ಊಟದಿಂದ ಬೇಸತ್ತಿದ್ದ ವನಮಾಲಾ, ನಯನ ಮನೆಯಲ್ಲೇ ತಿಂದು ಬರುತ್ತಾಳೆಂದು ನಂಬಿದ್ದಳು.

ಆ ಸೋಮವಾರದ ನಂತರದ ಮೂರು ದಿನ ಅವಳು ಬದುಕಿದ್ದು ಸಕ್ಕರೆಯಿಲ್ಲದ ಕಾಫಿ, ನೀರು ಮತ್ತು ಎರಡು ಪೇರಲೆ ಹಣ್ಣಿನ ಮೇಲೆ. ಬೆಳಿಗ್ಗೆ ಮಷಿನ್ ಹತ್ತಲು ಧೈರ್ಯವಾಗಲಿಲ್ಲ. ಗುರುವಾರ ಸಂಜೆಯ ಅಭ್ಯಾಸದಲ್ಲಿ ಪೋಲಿನ ಹತ್ತಿರ ತಿರುಗುವಾಗ ಕಣ್ಣಿಗೆ ಕತ್ತಲೆ ಬಂತು. ಕೈ ಜಾರಿತು. ಎಚ್ಚರವಾದಾಗ ಕುಮಾರ ಸರ್ ಅವರ ಜೀಪಿನ ಹಿಂದಿನ ಸೀಟಿನಲ್ಲಿದ್ದಳು, ತಲೆ ವನಮಾಲಾಳ ತೊಡೆಯ ಮೇಲಿತ್ತು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದರು. ಹಿಮೋಗ್ಲೋಬಿನ್ ಎಂಟು, ಇರಬೇಕಾದದ್ದು ಹನ್ನೆರಡು. ಏನು ತಿಂದಿದ್ದೆ ಎಂದು ಡಾಕ್ಟರಮ್ಮ ಕೇಳಿದಾಗ ನಯನ ಸುಳ್ಳು ಹೇಳಲು ನೋಡಿದಳು. ಮಧ್ಯಾಹ್ನ ಬುತ್ತಿಯ ರೊಟ್ಟಿ ಎಂದಳು. ಪಕ್ಕದಲ್ಲಿ ನಿಂತಿದ್ದ ವನಮಾಲಾ ಬಾಯಿಗೆ ಕೈ ಹಿಡಿದುಕೊಂಡಳು.

"ಹಂಗಾದ್ರೆ ಇಷ್ಟ್ ದಿನ ನಾನ್ ತಿಂದಿದ್ದು ನಿನ್ ಊಟನಾ?"

ಬೈರಪ್ಪ ತೋಟದ ಬಟ್ಟೆಯಲ್ಲೇ ಓಡಿ ಬಂದ. ಕಾರಿಡಾರಿನ ಬೆಂಚಿನ ಮೇಲೆ ಮಗಳ ಪಕ್ಕ ಕೂತ. ಅವನು ಕೇಳುವ ಮೊದಲೇ ನಯನ ಹೇಳಿದಳು: ದಿನಾ ಮಷಿನ್ ಹತ್ತುತ್ತಿದ್ದುದು, ಭಾನುವಾರ ಐವತ್ತೆರಡು ಇದ್ದದ್ದು, ಸೋಮವಾರ ಎರಡು ಕೆ.ಜಿ. ಏರಿದ್ದು.

ಬೈರಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಡಿಕೆ ತುಂಬುವ ಪ್ಲಾಸ್ಟಿಕ್ ಕ್ರೇಟಿನ ತೂಕ ಎರಡು ಕೆ.ಜಿ. ಪ್ರತಿ ಸಲ ಕಳೆಯುವುದು ತಾಪತ್ರಯವೆಂದು ಕೊಯ್ಲು ಶುರುವಾದಾಗಲೇ ಅಷ್ಟನ್ನು ಮಷಿನ್ನೇ ಕಡಿಮೆ ತೋರಿಸುವಂತೆ ಅವನು ಇಟ್ಟಿದ್ದ.

"ಭಾನ್ವಾರ ಸಂಜೆ ಕೊಯ್ಲು ಮುಗೀತಲ್ಲ ಮಗಾ, ಅದನ್ನ ತೆಗ್ದು ಸೊನ್ನೆಗೆ ತಂದೆ. ನೀನೆಲ್ಲಿ ಏರಿದ್ದು? ಏರಿಲ್ಲ ನೀನು."

ಮಗಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದ. ಅವಳು ಗೋಡೆ ನೋಡುತ್ತ ಲೆಕ್ಕ ಹಾಕುತ್ತಿದ್ದಳು. ಹಾಗಾದರೆ ಐವತ್ತೆರಡು ಯಾವತ್ತೂ ಆಗಿರಲೇ ಇಲ್ಲ. ಶುರುವಾದದ್ದೂ ಐವತ್ತೊಂಬತ್ತರಿಂದ. ಬೆರಳು ಮತ್ತೆ ದುಪಟ್ಟಾದ ಒಳಗೆ ಹೋಯಿತು. ಅಪ್ಪ ಅದನ್ನು ನೋಡಿದ. ಹೊರಗೆ ಬಂದ ಡಾಕ್ಟರಮ್ಮನೂ ನೋಡಿದರು. ಮಾತ್ರೆಯ ಚೀಟಿಯ ಕೆಳಗೆ ಬುಧವಾರ ಬರುವ ಆಪ್ತ ಸಮಾಲೋಚಕಿಯ ಹೆಸರು ಬರೆದು, ಮೂರು ಹೊತ್ತು ಊಟ, ಮುಂದಿನ ಪರೀಕ್ಷೆಯವರೆಗೆ ಓಟ ಬೇಡ ಎಂದರು.

ಈಗ ಬೆಳಿಗ್ಗೆ ನಯನ ಅಡುಗೆಮನೆಯಲ್ಲೇ ರೊಟ್ಟಿ ತಿನ್ನುತ್ತಾಳೆ. ಒಂದು ತುಂಡು ಬಾಯಿಗಿಟ್ಟು ಬಾಗಿಲ ಕಡೆ ನೋಡುತ್ತಾಳೆ, ಎದ್ದು ನೀರು ತರುತ್ತಾಳೆ, ಮತ್ತೆ ಕೂರುತ್ತಾಳೆ. ಮಗಳು ಎರಡು ರೊಟ್ಟಿ ಮುಗಿಸುವವರೆಗೆ ಸುಲೋಚನಮ್ಮ ಒಲೆಯ ಹತ್ತಿರ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಾರೆ. ಮೊದಲ ಬುಧವಾರ ಸಮಾಲೋಚಕಿಯ ಎದುರು ಅವಳು ಮಾತಾಡಿದ್ದು ಕಡಿಮೆ. ಎರಡನೇ ಬುಧವಾರ ತಾನೇ ಟೀ ಶರ್ಟಿನ ವಿಷಯ ತೆಗೆದಳು.

ಮುಂದಿನ ರಕ್ತಪರೀಕ್ಷೆ ಫೆಬ್ರವರಿ ಹದಿನೇಳಕ್ಕೆ. ತಂಡ ಶೃಂಗೇರಿಗೆ ಹೋಗುವುದು ಅದಕ್ಕೆ ಐದು ದಿನ ಮೊದಲು. ಅವಳ ಜಾಗದಲ್ಲಿ ಮೊದಲ ವರ್ಷದ ಚೈತ್ರ ಆಡುತ್ತಾಳೆ.