ಐದನೆಯ ‘ಯಾಕೆ’

ಹೋದ ವಾರ ರಾಜಾಜಿನಗರದಲ್ಲಿ ಶರ್ಟು ಕೊಳ್ಳಲು ಹೋಗಿದ್ದೆ. ಬಣ್ಣ ನೋಡುವ ಮೊದಲು ಶರ್ಟಿನ ಒಳಮೈ ಹೊರಗೆ ಮಾಡಿ ಹೊಲಿಗೆ ನೋಡುವುದು ನನ್ನ ಚಾಳಿ. ಇದೇ ಕಾರಣಕ್ಕೆ ನನ್ನ ಹೆಂಡತಿ ನನ್ನ ಜೊತೆ ಬಟ್ಟೆ ಅಂಗಡಿಗೆ ಬರುವುದನ್ನು ಬಿಟ್ಟು ಬಹಳ ಕಾಲವಾಯಿತು. ಕಾಲರಿನ ಅಡಿಯಲ್ಲಿ ಎರಡು ಕಡೆ ಹೊಲಿಗೆ ತಪ್ಪಿತ್ತು. ತೋರಿಸಿದೆ. ಅಂಗಡಿಯವನು ನೋಡದೆಯೇ, “ಟೈಲರ್ ಮಿಸ್ಟೇಕ್ ಸಾರ್, ಬೇರೆ ಪೀಸ್ ಕೊಡ್ತೀನಿ” ಅಂದ.

ನಾನು ಶರ್ಟು ಕೊಳ್ಳದೆ ಹೊರಗೆ ಬಂದೆ. ಆ ಎರಡು ಶಬ್ದ ಒಂದು ಕಾಲದಲ್ಲಿ ನನ್ನ ಬಾಯಲ್ಲೂ ಬಂದಿತ್ತು.

ಆಗ ನಾನು ಕಾಮಾಕ್ಷಿಪಾಳ್ಯದ ಒಂದು ಶರ್ಟು ಹೊಲಿಯುವ ಘಟಕದಲ್ಲಿ ಕ್ವಾಲಿಟಿ ಆಫೀಸರ್. ಮೂವತ್ತು ಮೆಷಿನ್ನು, ನಾಲ್ಕು ಫ್ಯಾನು, ಒಬ್ಬ ಆಫೀಸರ್. ಮೂರು ದಿನದ ತರಬೇತಿ ಮುಗಿಸಿ ಬಂದಿದ್ದೆ. ಮೂರು ದಿನದಲ್ಲಿ ಮನುಷ್ಯ ಎಷ್ಟು ಜಾಣನಾಗಬಹುದೋ ಅದಕ್ಕಿಂತ ಸ್ವಲ್ಪ ಹೆಚ್ಚೇ ಆಗಿದ್ದೆ. ಬಂದವನೇ ಗೋಡೆಗೆ ಬಿಳಿ ಬೋರ್ಡು ಹಾಕಿಸಿ, ಎಲ್ಲ ಟೈಲರುಗಳ ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ಆ ದಿನದ ದೋಷಗಳನ್ನು ಕೆಂಪು ಶಾಯಿಯಲ್ಲಿ ನಮೂದಿಸತೊಡಗಿದೆ. ದೋಷ ಕಡಿಮೆಯಾಗಲು ನಾಚಿಕೆಯೊಂದು ಸಾಕು ಎಂದು ನನ್ನ ಲೆಕ್ಕ. ತರಬೇತಿಯಲ್ಲಿ ಹಾಗೆ ಹೇಳಿರಲಿಲ್ಲ. ಅದು ನನ್ನ ಸ್ವಂತ ಸಂಶೋಧನೆ.

ಸುಂಕದಕಟ್ಟೆಯಿಂದ ಬರುತ್ತಿದ್ದ ಜಯಮ್ಮಣ್ಣಿ ಕಾಲರ್ ಹೊಲಿಯುತ್ತಿದ್ದರು. ಇಡೀ ಲೈನಿಗೆ ಹಿರಿಯರು, ಮಾತು ಕಡಿಮೆ, ತಪ್ಪು ಅದಕ್ಕಿಂತ ಕಡಿಮೆ. ಅಂಥವರ ಹೆಸರಿನ ಮುಂದೆ ಇದ್ದಕ್ಕಿದ್ದಂತೆ ಕೆಂಪು ಗೆರೆಗಳು ಸಾಲುಗಟ್ಟಿದವು. ಕಾಲರುಗಳಲ್ಲಿ ಹೊಲಿಗೆ ತಪ್ಪುತ್ತಿತ್ತು. ಒಂದು ಲಾಟು ಪೂರ್ತಿ ವಾಪಸ್ ಬಂತು. ಮಾಲೀಕರು ಕರೆದು, “ಯಾರ ತಪ್ಪಿದು?” ಎಂದು ಕೇಳಿದರು. ನಾನು ಬೋರ್ಡಿನ ಕಡೆ ಕೈ ತೋರಿಸಿ, “ಟೈಲರ್ ಮಿಸ್ಟೇಕ್ ಸಾರ್” ಅಂದೆ.

ಅವರನ್ನು ಮೆಷಿನ್ನಿನಿಂದ ಎಬ್ಬಿಸಿ ದಾರ ಕತ್ತರಿಸುವ ಟೇಬಲ್ಲಿಗೆ ಹಾಕಿದೆವು. ಹೊಸದಾಗಿ ಸೇರಿದವರು ಕೂರುವ ಜಾಗ ಅದು. ಜಯಮ್ಮಣ್ಣಿ ಕನ್ನಡಕ ಒರೆಸಿಕೊಂಡು, “ಸಾರ್, ಬೋರ್ಡಲ್ಲಿ ನನ್ನ ಹೆಸರು ತಪ್ಪಾಗಿದೆ. ಜಯಮ್ಮ ಅಲ್ಲ, ಜಯಮ್ಮಣ್ಣಿ” ಅಂದರು. ಅಷ್ಟೇ. ದೋಷದ ಬೋರ್ಡಿನಲ್ಲೇ ದೋಷ. ತಿದ್ದಿದೆ, ಕೆಂಪು ಗೆರೆಗಳನ್ನು ಹಾಗೇ ಬಿಟ್ಟೆ.

ಅವರ ಮೆಷಿನ್ನಿಗೆ ಶೋಭಾ ಎಂಬ ಚುರುಕು ಹುಡುಗಿಯನ್ನು ಕೂರಿಸಿದೆವು. ಮೂರನೇ ದಿನಕ್ಕೆ ಅವಳ ಕಾಲರುಗಳಲ್ಲೂ ಅದೇ ತಪ್ಪು. ಆಗಲಾದರೂ ನಾನು ಸುಮ್ಮನಾಗಬೇಕಿತ್ತು. ಆದರೆ ತರಬೇತಿಯ ಇನ್ನೊಂದು ಪಾಠ ಬಾಕಿಯಿತ್ತು: ಯಾವುದೇ ದೋಷದ ಬುಡ ಸಿಗಬೇಕಾದರೆ ಐದು ಸಲ ‘ಯಾಕೆ’ ಎಂದು ಕೇಳಬೇಕು. ಟೀ ಹೊತ್ತಿನಲ್ಲಿ ಎಲ್ಲರನ್ನೂ ಬೋರ್ಡಿನ ಮುಂದೆ ಸೇರಿಸಿದೆ.

“ಹೊಲಿಗೆ ಯಾಕೆ ತಪ್ತಿದೆ?”

“ಸೂಜಿ ಮೊಂಡಾಗಿದೆ ಸಾರ್,” ಅಂದಳು ಶೋಭಾ. “ಕಾಲರ್ ಒಳಗೆ ದಪ್ಪ ಬಟ್ಟೆ ಇರುತ್ತಲ್ಲ, ಮೊದಲು ಅಲ್ಲೇ ಗೊತ್ತಾಗೋದು.”

“ಮತ್ತೆ ಯಾಕೆ ಬದಲಾಯಿಸ್ಲಿಲ್ಲ?”

“ಹೊಸ ಸೂಜಿ ಕೈಗೆ ಸಿಗಲ್ಲ.”

“ಯಾಕೆ ಸಿಗಲ್ಲ?”

“ಸೂಜಿ ಬೀರುಗೆ ಬೀಗ ಹಾಕಿರುತ್ತೆ. ಬೆಳಿಗ್ಗೆ ಅರ್ಧ ಗಂಟೆ ಮಾತ್ರ ತೆಗೀತಾರೆ.”

“ಯಾಕೆ?”

“ಒಂದೊಂದು ಸೂಜಿಗೂ ಫಾರಂ ಬರ್ದು ಸೈನ್ ಹಾಕಿಸ್ಬೇಕಂತೆ. ಅದಕ್ಕೆ ಕಾಯ್ತಾ ನಿಂತ್ರೆ ಟಾರ್ಗೆಟ್ ಹೋಗುತ್ತೆ.”

ಇಲ್ಲಿಗೆ ನಾಲ್ಕಾಗಿತ್ತು. ಬುದ್ಧಿವಂತನಾದವನು ನಾಲ್ಕಕ್ಕೇ ನಿಲ್ಲಿಸುತ್ತಿದ್ದ. ನಾನು ಪಾಠ ಮುಗಿಸುವ ಹುರುಪಿನಲ್ಲಿ, “ಈ ರೂಲ್ಸ್ ಯಾಕೆ ಬಂತು? ಯಾರು ಮಾಡಿದ್ದು?” ಎಂದು ಕೇಳಿಯೇಬಿಟ್ಟೆ.

ಎಲ್ಲರೂ ನನ್ನ ಜೇಬಿನ ಕಡೆ ನೋಡಿದರು. ಇಸ್ತ್ರಿ ಮಾಡುವವನು ಕೂಡ ಕೈ ನಿಲ್ಲಿಸಿದ. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಮುರಿದ ಸೂಜಿಯ ಚೂರು ಬಟ್ಟೆಯಲ್ಲಿ ಉಳಿಯಬಾರದೆಂದು ಲೆಕ್ಕ ಇಡುವುದು ಸರಿಯೇ. ಆದರೆ ಮೊಂಡು ಸೂಜಿ ಬದಲಿಸುವುದಕ್ಕೂ ಫಾರಂ ಹಚ್ಚಿ, ಮಧ್ಯಾಹ್ನವೆಲ್ಲ ಬಾಗಿಲು ಹಾಕಿಕೊಂಡು ಬಣ್ಣಬಣ್ಣದ ಚಾರ್ಟು ಬರೆಯುತ್ತಿದ್ದವನು ನಾನು.

ಸಂಜೆ ವರದಿ ಬರೆದೆ: ‘ಸೂಜಿ ವಿತರಣಾ ವ್ಯವಸ್ಥೆಯಲ್ಲಿ ಲೋಪ.’ ಒಳ್ಳೆಯ ವಾಕ್ಯ. ಬೋರ್ಡಿಗೂ ಅಂಟಿಸಿದೆ. ಜಯಮ್ಮಣ್ಣಿ ಕತ್ತರಿ ಹಿಡಿದುಕೊಂಡೇ ಬಂದು ಓದಿ, “ವ್ಯವಸ್ಥೆ ಅಂದ್ರೆ ಯಾರು ಸಾರ್?” ಅಂದರು. ವ್ಯಂಗ್ಯವೇನಿರಲಿಲ್ಲ, ನಿಜವಾಗಿಯೂ ಹೆಸರು ಕೇಳುತ್ತಿದ್ದರು.

ಮರುದಿನ ಮಾಲೀಕರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. “ಹಾಗಾದ್ರೆ ಆಯಮ್ಮನ್ನ ಮೆಷಿನ್‌ಗೆ ಕಳ್ಸಿ, ದಾರ ಕಟ್ ಮಾಡೋಕೆ ನೀವು ಕೂತ್ಕೊಳ್ಳಿ” ಅಂದರು. ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ. ಎರಡು ವಾರ ಕೂತೆ. ಆ ಟೇಬಲ್ಲಿನಲ್ಲಿ ಕೂತಮೇಲೆ ತಿಳಿಯಿತು, ಯಾವ ಮೆಷಿನ್ನು ಎಣ್ಣೆ ಕಾರುತ್ತೆ, ಯಾವ ಟ್ಯೂಬ್‌ಲೈಟು ಮಿಣುಕುತ್ತೆ ಎಂಬುದೆಲ್ಲ ಅಲ್ಲಿದ್ದವರಿಗೆ ಮೊದಲೇ ಗೊತ್ತಿತ್ತು. ಅವರನ್ನು ಕೇಳಿದವರಿರಲಿಲ್ಲ. ಬೀರುವಿನ ಬೀಗದ ಕೈ ಜಯಮ್ಮಣ್ಣಿಗೆ ಹೋಯಿತು. ಬೋರ್ಡಿನಿಂದ ಹೆಸರುಗಳೆಲ್ಲ ಹೋಗಿ ಅಲ್ಲಿ ಮೆಷಿನ್ ನಂಬರು, ರಿಪೇರಿಯ ದಿನ ಬಂದವು. ಕಾಲರುಗಳು ಸರಿಹೋದವು.

ಆದರೆ ಒಂದು ಮಾತು ಉಳಿದುಹೋಗಿತ್ತು ನೋಡಿ. ಮಾಲೀಕರಿಗೆ ಹೇಳಿದೆ, ಲೈನಿಗೆಲ್ಲ ಗೊತ್ತಾಯಿತು. ಜಯಮ್ಮಣ್ಣಿಗೆ ಮಾತ್ರ ಮುಖ ನೋಡಿ ‘ತಪ್ಪಾಯ್ತು’ ಎಂದಿರಲಿಲ್ಲ. ಆಫೀಸರುಗಳಿಗೆ ಆ ಶಬ್ದ ಬಾಯಿಗೆ ಬರುವುದಿಲ್ಲ. ಆಮೇಲೆ ಘಟಕ ಮುಚ್ಚಿತು, ಎಲ್ಲರೂ ಚದುರಿದೆವು.

ಹೋದ ವಾರ ಅಂಗಡಿಯಿಂದ ಬಂದವನು ಬಸ್ ಸ್ಟಾಪಿನಲ್ಲೇ ಕೂತು ಫೋನ್ ಮಾಡಿದೆ. ನಂಬರು ಅದೇ ಇತ್ತು.

“ಜಯಮ್ಮಣ್ಣಿ ಅವರೇ, ನಾನು, ಕಾಮಾಕ್ಷಿಪಾಳ್ಯದ ಕ್ವಾಲಿಟಿ ಆಫೀಸರ್. ಅವತ್ತು ನಿಮ್ಮನ್ನ ಮೆಷಿನ್ನಿಂದ ಎಬ್ಬಿಸಿದ್ದು ನನ್ನ ತಪ್ಪು. ನಿಮಗೆ ಹೇಳಿರ್ಲಿಲ್ಲ.”

“ದಾರ ಕತ್ತರಿಸ್ತಿದ್ದಷ್ಟು ದಿನ ಮನೆಗೆ ಹೋಗಿ, ಕಾಲರೇ ಹೊಲೀತಿದೀನಿ ಅಂತ ಮಗಳ ಹತ್ರ ಸುಳ್ಳು ಹೇಳ್ತಿದ್ದೆ ಸಾರ್. ಇಲ್ಲೇ ಇದಾಳೆ, ಕೊಡ್ತೀನಿ. ಅವಳಿಗೆ ಹೇಳಿ” ಅಂದರು.

ನಾನು ಎದ್ದು ನಿಂತೆ. ಫೋನಿನಲ್ಲಿ ಅದು ಕಾಣುವುದಿಲ್ಲ, ಆದರೂ ನಿಂತೆ. “ನಿಮ್ಮಮ್ಮನ ಕೆಲಸದಲ್ಲಿ ತಪ್ಪಿರ್ಲಿಲ್ಲಮ್ಮ. ತಪ್ಪು ಮಾಡಿದ್ದು ನಾನು.”

“ಅಮ್ಮ ದಿನಾ ಬೆರಳಿಗೆ ಎಣ್ಣೆ ಹಚ್ಕೋತಿದ್ರು ಅಂಕಲ್, ಕತ್ತರಿ ಹಿಡಿದು ಬೊಬ್ಬೆ ಬಂದಿತ್ತು,” ಅಂದಳು ಆ ಹುಡುಗಿ. “ನಂಗೆ ಆವಾಗ್ಲೇ ಗೊತ್ತಿತ್ತು. ಅಮ್ಮಂಗೆ ಹೇಳಿರ್ಲಿಲ್ಲ ಅಷ್ಟೇ.”

ಆ ಕಡೆ ಜಯಮ್ಮಣ್ಣಿ, “ಏನೇ ಅದು, ಏನೇ ಹೇಳ್ತಿದೀಯ?” ಎಂದು ಮಗಳನ್ನು ಕೇಳುತ್ತಿದ್ದರು. ಅಮ್ಮ ಮಗಳು ಮಾತಾಡಿಕೊಳ್ಳಲಿ ಎಂದು ನಾನು ಮೆಲ್ಲಗೆ ಫೋನ್ ಇಟ್ಟೆ.